ಖುದ್ದು ನೋಡಿದ್ದೇನೆ

ಸೊಸೆಯ ಪಾಲಿಗೆ ಬಂದಿದ್ದ ಮೂವತ್ತೊಂದು ಜಾಗಗಳಲ್ಲಿ ಮೂವತ್ತರ ಕೆಲಸ ಮುಗಿದಿತ್ತು. ಉಳಿದದ್ದು ಒಂದೇ, ಅದೂ ಮನೆಯಿಂದ ಇನ್ನೂರು ಹೆಜ್ಜೆ ದೂರದ್ದು. ಹತ್ತಿರ ಇದೆಯಲ್ಲ, ಯಾವಾಗ ಬೇಕಾದರೂ ಹೋಗಬಹುದು ಎಂದು ಅವಳು ಅದನ್ನು ಕೊನೆಗೆ ಇಟ್ಟುಕೊಂಡಿದ್ದಳು.

ಅವಳು ಪ್ರಾದೇಶಿಕ ಯೋಜನಾ ಕಚೇರಿಯಲ್ಲಿ ನಕ್ಷೆ ಬರೆಯುವವಳು. ಐದು ಪಟ್ಟಣ, ನಡುವಿನ ಹಳ್ಳಿಗಳು, ಅವುಗಳನ್ನು ಜೋಡಿಸುವ ರಸ್ತೆಗಳು, ಇಷ್ಟರಲ್ಲಿ ಬ್ಯಾಟರಿ ವಾಹನಗಳ ಚಾರ್ಜಿಂಗ್ ಕೇಂದ್ರ ಎಲ್ಲೆಲ್ಲಿ ಬರಬೇಕೆಂದು ಆ ಕಚೇರಿ ಗೊತ್ತುಮಾಡುತ್ತಿತ್ತು. ಒಂದೊಂದು ಜಾಗಕ್ಕೂ ಒಂದು ಫಾರಂ. ರಸ್ತೆಯ ಅಗಲ, ನಿಲ್ಲಿಸಲು ಎಡೆ, ಮಳೆನೀರು ನಿಲ್ಲುತ್ತದೋ ಇಲ್ಲವೋ, ಎಲ್ಲಕ್ಕಿಂತ ಮುಖ್ಯವಾಗಿ ಆ ಮೂಲೆಯ ಟ್ರಾನ್ಸ್‌ಫಾರ್ಮರಿನ ಸಾಮರ್ಥ್ಯ. ವಿದ್ಯುತ್ ಕಂಪನಿಗೆ ಮೂರು ಪತ್ರ ಹೋಗಿದ್ದವು, ಮೂರಕ್ಕೂ ಉತ್ತರವಿಲ್ಲ. "ಡಬ್ಬದ ಮೇಲೆ ತಗಡು ಹೊಡೆದು ಬರೆದಿರ್ತಾರಲ್ಲ, ಹೋಗಿ ಓದ್ಕೊಂಡು ಬನ್ನಿ," ಎಂದಿದ್ದರು ಯೋಜನಾಧಿಕಾರಿ ಮೇಡಂ. ಫಾರಮ್ಮಿನ ಕೆಳಗೆ ಒಂದು ಸಾಲು ಅಚ್ಚಾಗಿತ್ತು: ಖುದ್ದು ನೋಡಿ ದೃಢೀಕರಿಸಿದ್ದೇನೆ. ಅದರ ಮುಂದೆ ಸಹಿ.

ಭಾನುವಾರ ಮಧ್ಯಾಹ್ನ ಅವಳು ಫಾರಮ್ಮನ್ನು ಪಕ್ಕದಲ್ಲಿಟ್ಟುಕೊಂಡೇ ಬಡಿಸುತ್ತಿದ್ದಳು.

"ಅಮ್ಮಾ, ಫಾರಂಗೂ ಬೇಳೆ ಬಡಿಸ್ದೆ," ಮಗಳು ಹೇಳಿದಳು.

"ಒರೆಸ್ಕೊಂಡ್ರಾಯ್ತು. ಊಟ ಆದ್ಮೇಲೆ ಆ ಮುಚ್ಚಿರೋ ಸಿನಿಮಾ ಮಂದಿರದ ಹತ್ರ ಹೋಗ್ಬೇಕು. ಟ್ರಾನ್ಸ್‌ಫಾರ್ಮರ್ ನೋಡ್ಬೇಕು."

ಮಾವ ತಟ್ಟೆಯಿಂದ ತಲೆಯೆತ್ತಿದರು. "ನನ್ನ ಡಬ್ಬ ನೋಡೋಕೆ ನೀನ್ಯಾಕೆ ಬಿಸಿಲಲ್ಲಿ ಹೋಗ್ತೀಯ ತಾಯಿ? ಅದನ್ನ ಏರಿಸ್ದೋನೇ ನಾನು. ಇನ್ನೂರೈವತ್ತು ಕೆವಿಎ. ಆನೆ ಇದ್ದ ಹಾಗಿದೆ."

"ನೋಡಿ ಬರೀಬೇಕು ಮಾವ. ಬಾಯಿಮಾತು ನಡೆಯಲ್ಲ."

"ಸರಿ, ನಾನೇ ನೋಡ್ಕೊಂಡು ಬರ್ತೀನಿ. ಮೂವತ್ತಾರು ವರ್ಷ ಲೈನ್‌ಮನ್ ಕೆಲಸ ಮಾಡ್ದೋನು ನೋಡಿದ್ರೆ ಸಾಲ್ದಾ ನಿಮ್ಮ ಮೇಡಂಗೆ?"

ಬೀದಿಯವರು ಅವರನ್ನು ಫ್ಯೂಸ್ ತಾತ ಎನ್ನುತ್ತಿದ್ದರು. ಆ ಮನೆಯಲ್ಲಿ ತಂತಿ ಇರುವ ಯಾವುದನ್ನೂ ಅವರನ್ನು ಕೇಳದೆ ಯಾರೂ ಮುಟ್ಟುವಂತಿರಲಿಲ್ಲ. ಬಲ್ಬು ಬದಲಿಸಲು ಮಗ ಸ್ಟೂಲು ಹತ್ತಿದರೂ "ಇಳಿಯೋ, ಸುಟ್ಕೊಂಡು ಸಾಯ್ತೀಯ" ಎಂದು ಗದರುವರು.

ಮಗ, ಅಂದರೆ ಅವಳ ಗಂಡ, ಬ್ಯಾಟರಿ ಗಾಡಿಯಲ್ಲಿ ಅಂಗಡಿಗಳಿಗೆ ಸಾಮಾನು ಹಾಕುವವನು. "ಯಾರಾದ್ರೂ ನೋಡ್ರಪ್ಪಾ, ಒಟ್ನಲ್ಲಿ ಬೇಗ ನೋಡಿ," ಎಂದ. "ಆ ಹೆದ್ದಾರಿ ಹತ್ರ ಚಾರ್ಜಿಗೆ ದಿನಾ ಎರಡು ಗಂಟೆ ಸಾಲು ನಿಂತು ನನ್ನ ಸೊಂಟದ ಬ್ಯಾಟರಿ ಇಳಿದುಹೋಗಿದೆ."

ಒಳಕೋಣೆಯಿಂದ ಅತ್ತೆಯ ನಗು ಕೇಳಿಸಿತು, ಹಿಂದೆಯೇ ಕೆಮ್ಮು. ಹತ್ತಿ ಮಿಲ್ಲಿನಲ್ಲಿ ಮೂವತ್ತು ವರ್ಷ ದುಡಿದ ಅವರ ಶ್ವಾಸಕೋಶ ಈಗ ಅರ್ಧ ಮಾತ್ರ ಕೆಲಸ ಮಾಡುತ್ತಿತ್ತು. ಮೂಗಿಗೆ ಕೊಳವೆ, ಮಂಚದ ಪಕ್ಕದಲ್ಲಿ ಆಕ್ಸಿಜನ್ ಮೆಷಿನ್. ಅದು ಕರೆಂಟಿನಲ್ಲಿ ಓಡುವಂಥದ್ದು, ಬ್ಯಾಟರಿ ಇಲ್ಲ. ಕರೆಂಟು ಹೋದರೆಂದು ಒಂದು ಸಣ್ಣ ಸಿಲಿಂಡರು ಮೂಲೆಯಲ್ಲಿತ್ತು, ಐದು ಗಂಟೆಗೆ ಸಾಕಾಗುವಷ್ಟು.

ಊಟವಾದ ಮೇಲೆ ಮಾವ ಕೊಡೆ ಹಿಡಿದು ಹೊರಟರು. ಕಾಲು ಗಂಟೆಯಲ್ಲಿ ಬಂದು ಚಪ್ಪಲಿ ಬಿಡುತ್ತಲೇ ಹೇಳಿದರು: "ಬರ್ಕೋ. ಇನ್ನೂರೈವತ್ತು."

ಅವಳು ಬರೆದುಕೊಂಡಳು. ಪಾತ್ರೆ ತೊಳೆದ ಕೈ ಒರೆಸಿಕೊಂಡು ಕೆಳಗೆ ಸಹಿ ಮಾಡಿದಳು.

ಏಳು ವಾರಕ್ಕೆ ಪಟ್ಟಿ ಹೊರಬಿತ್ತು. ಸಿನಿಮಾ ಮಂದಿರದ ಮೂಲೆ ನಲವತ್ತಮೂರನೇ ಜಾಗವಾಗಿ ಆಯ್ಕೆಯಾಗಿತ್ತು. ಒಂದೊಂದೂ ಅರವತ್ತು ಕಿಲೋವ್ಯಾಟ್ ಎಳೆಯುವ ಎರಡು ಚಾರ್ಜರು. ಗಂಡ ಆ ದಿನ ಮೀನು ತಂದ. "ನನ್ನ ಹೆಂಡ್ತಿ ಬರೆದ ನಕ್ಷೆ ನನ್ನ ಮನೆ ಬಾಗಿಲಿಗೇ ಬಂತು," ಎಂದು ಎದುರು ಮನೆಗೂ ಕೇಳುವ ಹಾಗೆ ಹೇಳಿದ. ಮಾವ ಮೀಸೆ ತೀಡಿಕೊಂಡರು. ಅತ್ತೆ ಮಂಚದ ಮೇಲೆ ಕುಳಿತೇ ಮಾವನ ತಟ್ಟೆಯ ಮೀನಿನಿಂದ ಒಂದೊಂದೇ ಮುಳ್ಳು ಎತ್ತಿ ಬದಿಗಿಟ್ಟರು. ಆಮೇಲೆ ತಮ್ಮ ತಟ್ಟೆಗೆ ಕೈಹಾಕಿ, ತುತ್ತು ಕೈಯಲ್ಲೇ ಇರುವಾಗ ತೂಕಡಿಸಿದರು.

"ಅಜ್ಜಿ, ಊಟ ಬಾಯಿಗೆ," ಮಗಳು ಅಲುಗಿಸಿದಳು.

"ಹೂಂ... ತಲೆ ಭಾರ ಕಣೇ. ಬೆಳಿಗ್ಗೆಯಿಂದ ಸಿಡೀತಾ ಇದೆ."

"ಸೆಖೆಗೆ," ಎಂದರು ಮಾವ.

ಅದರ ಹಿಂದಿನ ವಾರವೂ ಸೆಖೆಗೆ ಎಂದಿದ್ದರು. ಆ ವಾರ ಮೋಡ ಕವಿದಿತ್ತು.

ಅಗೆತ ಶುರುವಾಯಿತು. ಒಂದು ಬೆಳಿಗ್ಗೆ ಕಚೇರಿಗೆ ಹೊರಟವಳು ಆ ಮೂಲೆಯಲ್ಲಿ ನಿಂತಳು. ಮುಳ್ಳುಬೇಲಿ ಕಿತ್ತಿದ್ದರು. ಕೇಬಲ್ ಹಾಕುವ ಮೇಸ್ತ್ರಿ ಕುಳಿಯೊಳಗಿನಿಂದ ಅವಳ ಕೊರಳಿನ ಗುರುತುಚೀಟಿ ನೋಡಿದ.

"ಮೇಡಂ, ನೀವು ಯೋಜನಾ ಕಚೇರಿಯೋರಾ? ಒಂದು ಕೇಳ್ಲಾ? ಈ ನೂರರ ಡಬ್ಬಕ್ಕೆ ಇಷ್ಟು ದಪ್ಪ ಕೇಬಲ್ ಯಾಕೆ ಕಟ್ಟಿಸ್ತಿದೀರಾ?"

"ನೂರರದ್ದಲ್ಲ. ಇನ್ನೂರೈವತ್ತು."

ಮೇಸ್ತ್ರಿ ನಕ್ಕ. "ಇನ್ನೂರೈವತ್ತರದ್ದು ಆರು ವರ್ಷದ ಹಿಂದೆ ಸುಟ್ಟುಹೋಯ್ತಲ್ಲ. ಎಂಟು ದಿನ ಇಡೀ ಬೀದಿಗೆ ಕರೆಂಟಿರಲಿಲ್ಲ. ಸಿನಿಮಾನೂ ಮುಚ್ಚಿತ್ತು, ಸದ್ಯಕ್ಕೆ ಇದಿರ್ಲಿ ಅಂತ ನೂರರದ್ದು ಏರಿಸಿದ್ರು. ಆ ಸದ್ಯ ಇನ್ನೂ ಮುಗಿದಿಲ್ಲ. ಅಗೋ ಬರೆದಿದೆಯಲ್ಲ."

ಬರೆದಿತ್ತು. ಬಿಳಿ ತಗಡಿನ ಮೇಲೆ ಗೇಣುದ್ದದ ಕಪ್ಪು ಅಂಕಿ. ರಸ್ತೆಯ ಆಚೆ ಬದಿಯಿಂದಲೂ ಓದಬಹುದಿತ್ತು.

"ಎರಡೂ ಚಾರ್ಜರ್ ಒಟ್ಟಿಗೆ ಹಾಕಿದ್ರೆ?" ಅವಳು ಕೇಳಿದಳು.

"ಮನೆಗಳ ಲೋಡೇ ಎಪ್ಪತ್ತು ದಾಟುತ್ತೆ. ಅದರ ಮೇಲೆ ಇದು. ಒಂದಿನ ತಡೀಬಹುದು, ಎರಡು ದಿನ ತಡೀಬಹುದು. ಆಮೇಲೆ ಢಮಾರ್."

ಅವಳ ಮನೆಯವರು ಈ ಬೀದಿಗೆ ಬಂದದ್ದು ಅದಾದ ಮೇಲೆ. ಎಂಟು ದಿನ. ಸಿಲಿಂಡರು ಐದು ಗಂಟೆ. ಅವಳ ಕಾಲು ಬಸ್ಸಿನ ಕಡೆ ಹೋಗದೆ ಮನೆಯ ಕಡೆ ತಿರುಗಿತು.

ಮನೆಯಲ್ಲಿ ಮಗಳು ಪೇಪರು ಗಟ್ಟಿಯಾಗಿ ಓದುತ್ತಿದ್ದಳು. ಅದು ಶಾಲೆಗೆ ಹೋಗುವ ಮುಂಚಿನ ನಿತ್ಯದ ಕೆಲಸ. ಮೊಮ್ಮಗಳ ಉಚ್ಚಾರಣೆ ತಿದ್ದಬೇಕೆಂದು ಮಾವನೇ ಎರಡು ವರ್ಷದಿಂದ ಓದಿಸುತ್ತಿದ್ದರು. ಮೆಷಿನಿನ ಜಾಲರಿ ತೊಳೆದು ಹಾಕಿ, ನೀರು ತುಂಬಿ, ಚಾಲೂ ಮಾಡಿ, ಆಗಷ್ಟೇ ಕುರ್ಚಿಯಲ್ಲಿ ಕುಳಿತಿದ್ದರು.

"ಮಾವ, ಆ ಡಬ್ಬದ ಮೇಲೆ ನೂರು ಅಂತಿದೆ."

"ಯಾವನು ಹೇಳ್ದ?"

"ನಾನೇ ನೋಡ್ದೆ. ಈಗ."

"ಹಾಗಾದ್ರೆ ತಗಡು ತಪ್ಪು. ಡಬ್ಬ ನನಗೆ ಗೊತ್ತು."

"ನೀವು ಅವತ್ತು ಹೋಗಿ ನೋಡಿದ್ರಾ ಇಲ್ವಾ?"

"ನೋಡ್ದೆ ಅಂದ್ನಲ್ಲ! ಅದರ ಕೆಳಗೇ ನಿಂತಿದ್ದೆ. ಈ ಮನೇಲಿ ನನ್ನನ್ನ ಸಾಕ್ಷಿ ಕೇಳೋ ಹಂಗಾಯ್ತಾ?"

ಅವಳು ಮಗಳ ಕೈಯಿಂದ ಪೇಪರು ತೆಗೆದು ಅವರ ಮುಂದೆ ಹಿಡಿದಳು. "ಈ ದೊಡ್ಡಕ್ಷರದ ಸಾಲು ಒಂದೇ ಒಂದು ಓದಿ ಮಾವ."

"ಕನ್ನಡಕ ಒಳಗಿದೆ."

ಮಗಳು ಕಿಸಕ್ಕನೆ ನಕ್ಕಳು. "ತಾತ, ಮೂಗಿನ ಮೇಲೇ ಇದೆ!"

ಸೊಸೆಯ ದೃಷ್ಟಿ ನಿಧಾನವಾಗಿ ಪೇಪರಿನಿಂದ ಒಳಕೋಣೆಯ ಬಾಗಿಲಿಗೆ, ಬಾಗಿಲಿನಿಂದ ಮೆಷಿನಿಗೆ ಹೋಯಿತು. ಮೆಷಿನಿನ ಮುಖದ ಮೇಲೆ ಗಾಜಿನ ಸಣ್ಣ ನಳಿಗೆ, ಅದರೊಳಗೆ ತೇಲುವ ಒಂದು ಗೋಲಿ, ಪಕ್ಕದಲ್ಲಿ ಒಂದರಿಂದ ಐದರವರೆಗೆ ಕೂದಲೆಳೆಯಂಥ ಗೆರೆಗಳು. ಕೆಳಗಿನ ನಾಬು ತಿರುಗಿಸಿದರೆ ಗೋಲಿ ಏರುತ್ತದೆ, ಆಕ್ಸಿಜನ್ ಹೆಚ್ಚುತ್ತದೆ. ಎರಡರಲ್ಲಿರಬೇಕು, ಎರಡು ದಾಟಬಾರದು ಎಂದು ಡಾಕ್ಟರು ಚೀಟಿಯಲ್ಲಿ ಬರೆದು ಅಡಿಗೆರೆ ಎಳೆದಿದ್ದರು. ಈ ಕಾಯಿಲೆಯವರಿಗೆ ಹೆಚ್ಚಾದರೆ ಒಳಗೆ ವಿಷಗಾಳಿ ಕಟ್ಟಿಕೊಳ್ಳುತ್ತದೆ, ನಿದ್ದೆಯಲ್ಲೇ ಉಸಿರು ನಿಲ್ಲಬಹುದು ಎಂದಿದ್ದರು. ಬೇರೆ ಮನೆಗಳಲ್ಲಿ ಒಮ್ಮೆ ಇಟ್ಟ ನಾಬನ್ನು ಯಾರೂ ಮುಟ್ಟುವುದಿಲ್ಲ. ಮಾವ ಲೈನ್‌ಮನ್. ಲೋಡು ಪೂರ್ತಿ ಇಳಿಸದೆ ಸ್ವಿಚ್ಚು ತೆಗೆಯಬಾರದು ಎನ್ನುವುದು ಅವರ ಮೂವತ್ತಾರು ವರ್ಷದ ಅಭ್ಯಾಸ. ದಿನಾ ಬೆಳಿಗ್ಗೆ ನಾಬನ್ನು ಸೊನ್ನೆಗಿಳಿಸಿ, ಮೆಷಿನ್ ನಿಲ್ಲಿಸಿ, ಜಾಲರಿ ತೊಳೆದು, ಮತ್ತೆ ಹೊಸದಾಗಿ ಏರಿಸುವರು.

"ಮಾವ," ಅವಳು ಪೇಪರು ಕೆಳಗಿಟ್ಟಳು. "ಗೋಲಿ ಎಲ್ಲಿಟ್ಟಿದೀರಿ?"

"ಎರಡರ ಮೇಲೆ. ದಿನಾ ಇಡೋದೇ ಅಲ್ಲಿ."

ಮಗಳು ಎದ್ದು ಹೋಗಿ ಬಗ್ಗಿ ನೋಡಿದಳು. "ತಾತ... ನಾಲ್ಕು ದಾಟಿದೆ."

ಅತ್ತೆ ಗೋಡೆಗೆ ಒರಗಿ ಮಲಗಿದ್ದರು. ಕೆನ್ನೆ ಕೆಂಪಾಗಿತ್ತು. ಬಾಯಿ ಅರ್ಧ ತೆರೆದಿತ್ತು.

ಸೊಸೆ ನಾಬು ತಿರುಗಿಸಿದಳು. ಗೋಲಿ ಎರಡಕ್ಕೆ ಇಳಿಯಿತು. "ಅತ್ತೆ. ಅತ್ತೆ!" ಭುಜ ಹಿಡಿದು ಅಲುಗಿಸಿದಳು. ತಲೆ ಹಿಟ್ಟಿನ ಚೀಲದಂತೆ ಒಂದು ಕಡೆ ವಾಲಿತು. ಮಗಳು ಅಳತೊಡಗಿದಳು. "ಅಳ್ಬೇಡ, ಅಪ್ಪಂಗೆ ಫೋನ್ ಮಾಡು." ಡಾಕ್ಟರಿಗೆ ಅವಳೇ ಮಾಡಿದಳು. ಮೆಷಿನ್ ನಿಲ್ಲಿಸಬೇಡಿ, ಎರಡರಲ್ಲೇ ಇಡಿ, ಕೂರಿಸಿ, ಎಬ್ಬಿಸ್ತಾ ಇರಿ, ತಕ್ಷಣ ಕರ್ಕೊಂಡು ಬನ್ನಿ ಎಂದರು. ಅವಳು ಅತ್ತೆಯ ಕೆನ್ನೆಗೆ ಒದ್ದೆ ಬಟ್ಟೆ ತಟ್ಟಿದಳು, ಹೆಸರು ಹಿಡಿದು ಕೂಗಿದಳು. ಹದಿನಾರು ವರ್ಷದಲ್ಲಿ ಅತ್ತೆಯನ್ನು ಹೆಸರು ಹಿಡಿದು ಕರೆದದ್ದು ಅದೇ ಮೊದಲು. ಮಾವ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. "ಎದ್ದಳಾ? ಎದ್ದಳಾ?" ಎಂದು ಕೇಳುತ್ತಲೇ ಇದ್ದರು. ಮೂರು ಗಜ ದೂರದಲ್ಲಿದ್ದ ಹೆಂಡತಿ ಎದ್ದಳೋ ಇಲ್ಲವೋ ಅವರಿಗೆ ಕಾಣುತ್ತಿರಲಿಲ್ಲ.

ಅತ್ತೆ ಕಣ್ಣು ಬಿಟ್ಟದ್ದು ಆಸ್ಪತ್ರೆಯ ದಾರಿಯಲ್ಲಿ, ಮಗನ ಸಾಮಾನು ಗಾಡಿಯೊಳಗೆ, ಸಣ್ಣ ಸಿಲಿಂಡರಿನ ಜೊತೆ, ಬಿಸ್ಕತ್ತಿನ ಪೆಟ್ಟಿಗೆಗಳ ನಡುವೆ.

ನಾಲ್ಕು ದಿನ ಇಟ್ಟುಕೊಂಡು ಕಳಿಸಿದರು. ಆ ನಡುವೆಯೇ ಮಾವನ ಕಣ್ಣನ್ನೂ ತೋರಿಸಿದರು. ಕಣ್ಣಿನ ನರ ಒಣಗಿದೆ, ಆಪರೇಷನ್ ಮಾಡಿ ಪ್ರಯೋಜನವಿಲ್ಲ, ಎರಡು ವರ್ಷದ ಹಿಂದೆ ಬಂದಿದ್ದರೆ ನೋಡಬಹುದಿತ್ತು ಎಂದರು ಕಣ್ಣಿನ ಡಾಕ್ಟರು. ಮಾವ ಹೊರಗೆ ಬಂದು, "ಆ ಹುಡುಗನಿಗೇನು ಗೊತ್ತು," ಎಂದರು.

"ನಿಮಗೆ ಗೊತ್ತಿತ್ತಾ ಅತ್ತೆ?" ತಲೆ ಬಾಚುತ್ತಾ ಸೊಸೆ ಕೇಳಿದಳು.

"ಮೀನಿನ ಮುಳ್ಳು ತೆಗೆಯೋಳು ಯಾರು?"

"ಅದು ಮುಳ್ಳು ಅತ್ತೆ. ಇದು ಉಸಿರು. ಅವರು ಸದ್ದು ಕೇಳ್ಕೊಂಡು ನಾಬು ತಿರುಗಿಸ್ತಿದ್ರು. ಕಿವಿ ಮಂದ ಆದ ಹಾಗೆ ಕೈ ಮೇಲೆ ಹೋಗಿದೆ."

"ಅದೊಂದು ಕೆಲಸಾನೂ ಕಿತ್ಕೊಂಡ್ರೆ ಅವರು ಬೆಳಿಗ್ಗೆ ಎದ್ದು ಏನ್ಮಾಡ್ಬೇಕು ಹೇಳು."

ಸೊಸೆಯ ಬಾಚಣಿಗೆ ನಿಂತಿತು. ಅತ್ತೆ ಕಣ್ಣು ತೆರೆದುಕೊಂಡೇ ಆ ಕೈಗೆ ಉಸಿರು ಒಪ್ಪಿಸಿದ್ದರು. ಇಂಥವರನ್ನು ಕಾಯುವುದು ಹೇಗೆಂದು ಅವಳಿಗೆ ಗೊತ್ತಿರಲಿಲ್ಲ.

ಇತ್ತ ನಲವತ್ತಮೂರನೇ ಜಾಗದ ಚಾಲನೆಗೆ ದಿನ ಗೊತ್ತಾಗಿತ್ತು, ಮುಂದಿನ ಗುರುವಾರ. ಅವಳು ಮೇಡಮ್ಮಿನ ಮುಂದೆ ಹೋಗಿ ನಿಂತು ಇದ್ದದ್ದು ಹೇಳಿದಳು.

"ಸಹಿ ನಿಮ್ಮದು ತಾನೇ?"

"ಹೌದು."

"ಖುದ್ದು ನೋಡಿದೀನಿ ಅಂತ?"

"ನೋಡಿರಲಿಲ್ಲ ಮೇಡಂ."

ಮೇಡಂ ಪೆನ್ನು ಕೆಳಗಿಟ್ಟರು. "ನೀವು ಇದನ್ನ ನನಗೆ ಹೇಳಿಲ್ಲ. ನಾನು ಕೇಳಿಲ್ಲ. ಇಡೀ ಪ್ರದೇಶಕ್ಕೆ ನೂರ ಹದಿನೆಂಟು ಜಾಗ. ಒಂದು ಅಂಕಿ ತಪ್ಪು ಅಂತ ಹೊರಗೆ ಬಂದ್ರೆ ಎಲ್ಲಾ ಫಾರಂ ಬಿಚ್ಚಿ ಕೂರ್ತಾರೆ. ವಿದ್ಯುತ್ ಕಂಪನಿಯೋರು ಹೆಂಗೂ ಮುಂದಿನ ವರ್ಷ ದೊಡ್ಡದು ಹಾಕ್ತಾರೆ. ಮನೆಗೆ ಹೋಗಿ."

ಮನೆಯಲ್ಲಿ ಗಂಡನದೂ ಅದೇ ಮಾತು, ಸ್ವಲ್ಪ ಜೋರಾಗಿ. "ಬರೆದುಕೊಟ್ರೆ ಕೆಲಸ ಹೋಗುತ್ತೆ. ಕೇಂದ್ರಾನೂ ಹೋಗುತ್ತೆ. ನಾನು ಮತ್ತೆ ಹೆದ್ದಾರಿ ಹತ್ರ ಬಿಸಿಲು ಕಾಯ್ಬೇಕು. ಏನು ಸಿಕ್ತು ನಿನಗೆ?"

"ಡಬ್ಬ ಸುಟ್ಟ ದಿನ ನಿಮ್ಮಮ್ಮನ್ನ ಎಲ್ಲಿಗೆ ಕರ್ಕೊಂಡು ಹೋಗ್ತೀರಿ?"

"ಸುಡುತ್ತೆ ಅಂತ ಯಾರು ಹೇಳಿದ್ದು?"

"ಸುಡಲ್ಲ ಅಂತ ನೀವು ಬರೆದುಕೊಡ್ತೀರಾ?"

ಅವನು ತಟ್ಟೆ ತಳ್ಳಿ ಎದ್ದುಹೋದ. ಮಗಳು ಆ ತಟ್ಟೆಯ ಮೊಟ್ಟೆಯನ್ನು ಸದ್ದಿಲ್ಲದೆ ಅಜ್ಜಿಗೆ ದಾಟಿಸಿದಳು.

ಮರುದಿನ ಅವಳು ಅರ್ಧ ಪುಟದ ಪತ್ರ ಬರೆದಳು. ನಲವತ್ತಮೂರನೇ ಜಾಗದ ಟ್ರಾನ್ಸ್‌ಫಾರ್ಮರನ್ನು ನಾನು ನೋಡಿರಲಿಲ್ಲ, ನೋಡದೆ ಸಹಿ ಮಾಡಿದ್ದೇನೆ, ಸಾಮರ್ಥ್ಯ ನೂರು. ಮೇಡಮ್ಮಿಗೆ ಕೊಟ್ಟರೆ ಅದು ಡ್ರಾಯರಿಗೆ ಹೋಗುತ್ತದೆಂದು ಗೊತ್ತಿತ್ತು. ನೇರವಾಗಿ ಟಪಾಲು ಶಾಖೆಗೆ ಹೋಗಿ ಒಂದು ಪ್ರತಿ ಕಚೇರಿಗೆ, ಒಂದು ಪ್ರತಿ ವಿದ್ಯುತ್ ಕಂಪನಿಗೆಂದು ಮುದ್ರೆ ಹಾಕಿಸಿದಳು. ಟಪಾಲಿನವ ಓದಿ ಅವಳ ಮುಖ ನೋಡಿದ. "ಯೋಚನೆ ಮಾಡಿ ಮೇಡಂ, ಮುದ್ರೆ ಬಿದ್ರೆ ವಾಪಸ್ ಇಲ್ಲ." "ಹಾಕಿ," ಎಂದಳು.

ಮಂಗಳವಾರ ವಿದ್ಯುತ್ ಕಂಪನಿಯ ಎಂಜಿನಿಯರ್ ಬಂದ. ಮೂರು ಪತ್ರಕ್ಕೆ ಬಾರದವನು ನಾಲ್ಕನೆಯದಕ್ಕೆ ಬಂದ. ಜನ ಸೇರಿದರು. ಮಾವನೂ ಕೋಲು ಹಿಡಿದು ಬಂದು ರಸ್ತೆಯ ಪಕ್ಕ ನಿಂತರು. ಎಂಜಿನಿಯರ್ ತಗಡು ನೋಡಿದ, ಫಾರಂ ನೋಡಿದ.

"ಇಷ್ಟು ದೊಡ್ಡ ಅಂಕಿನ ಇನ್ನೂರೈವತ್ತು ಅಂತ ಯಾರ್ರೀ ಓದಿದ್ದು?"

ಸೊಸೆ ಮಾವನನ್ನು ನೋಡಿದಳು. ಅವರು ಡಬ್ಬದ ಕಡೆ ಮುಖ ಮಾಡಿಕೊಂಡಿದ್ದರು.

"ಈಗಿನೋರಿಗೆ ಎಲ್ಲಿ ಓದು ಬರುತ್ತೆ ಸ್ವಾಮಿ," ಎಂದರು ಮಾವ. ಜನ ನಕ್ಕರು. ಎಂಜಿನಿಯರನೂ ನಕ್ಕ.

"ನಾನೇ ಓದಿದ್ದು," ಎಂದಳು ಸೊಸೆ.

ಕೆಲಸ ನಿಂತಿತು. ಕುಳಿಗೆ ಕೆಂಪು ಪಟ್ಟಿ ಕಟ್ಟಿದರು. ಗಂಡ ಮಾತು ಬಿಟ್ಟ. ಮೂರನೆಯ ದಿನ ಕಚೇರಿಯಿಂದ ನೋಟೀಸು ಬಂತು: ಸೋಮವಾರ ಹತ್ತು ಗಂಟೆಗೆ ತನಿಖೆ, ಹಾಜರಾಗದಿದ್ದರೆ ಆರೋಪ ಒಪ್ಪಿದಂತೆ ಎಂದು ಭಾವಿಸಲಾಗುವುದು.

ಸೋಮವಾರ ಬೆಳಿಗ್ಗೆ ಗಂಡ ಗಾಡಿ ತೆಗೆದುಕೊಂಡು ಹೋಗಿಯಾಗಿತ್ತು, ಮಗಳು ಶಾಲೆಗೆ. ಸೊಸೆ ಸ್ನಾನ ಮಾಡಿ, ಇದ್ದುದರಲ್ಲಿ ಒಳ್ಳೆಯ ಸೀರೆ ಉಟ್ಟು, ಹೊರಡುವ ಮುಂಚೆ ಅತ್ತೆಯ ಕೋಣೆಗೆ ಹೋದಳು. ಏಳಕ್ಕೆ ತಾನೇ ಜಾಲರಿ ತೊಳೆದು ಗೋಲಿಯನ್ನು ಎರಡಕ್ಕೆ ಇಟ್ಟಿದ್ದಳು. ಈಗ ಅದು ಮೂರರ ಮೇಲಿತ್ತು.

"ಅತ್ತೆ, ಇದನ್ನ ಯಾರು ಮುಟ್ಟಿದ್ದು?"

ಅತ್ತೆ ಹೊದಿಕೆಯ ಅಂಚು ಮಡಿಸುತ್ತಾ ಕುಳಿತರು. "ಬಂದು ನಿಂತಿದ್ರು ಕಣೇ. ಸುಮ್ನೆ ನಿಂತಿದ್ರು. ನಾನೇ ಹೇಳ್ದೆ, ಒಂಚೂರು ಸರಿಮಾಡಿ ಅಂತ."

"ಸಾಯ್ತೀರಿ ಅತ್ತೆ."

"ಒಂಚೂರೇ ಅಂದೆ."

ಸೊಸೆ ಗೋಲಿಯನ್ನು ಎರಡಕ್ಕೆ ಇಳಿಸಿದಳು. ಆಮೇಲೆ ನಾಬನ್ನು ಹಿಡಿದು ಎಳೆದಳು. ಪ್ಲಾಸ್ಟಿಕ್ಕು ಟಕ್ಕೆಂದು ಕಿತ್ತು ಬಂತು. ಅದನ್ನು ಚೀಲಕ್ಕೆ ಹಾಕಿಕೊಂಡಳು.

"ಅವರು ಹುಡುಕ್ತಾರೆ," ಎಂದರು ಅತ್ತೆ.

"ಹುಡುಕ್ಲಿ."

ಒಂಬತ್ತೂಕಾಲಿನ ಬಸ್ಸು ತಪ್ಪಿದರೆ ಹತ್ತಕ್ಕೆ ಮುಟ್ಟುವಂತಿರಲಿಲ್ಲ. ಗೇಟು ಹಾಕುವಾಗ ಒಳಗಿನಿಂದ ಚಪ್ಪಲಿ ಎಳೆಯುವ ಸದ್ದು ಕೇಳಿಸಿತು. ಅವಳು ಒಳಕೋಣೆಯ ಕಿಟಕಿಯ ಬಳಿ ನಿಂತಳು.

ಮಾವ ಗೋಡೆ ಸವರಿಕೊಂಡು ಬಂದು ಮೆಷಿನಿನ ಮುಂದೆ ಕುಕ್ಕರುಗಾಲಿನಲ್ಲಿ ಕುಳಿತರು. ಅತ್ತೆ ನೋಡುತ್ತಿದ್ದರು. ತಡೆಯಲಿಲ್ಲ. ಮುದುಕನ ಬೆರಳು ಮೆಷಿನಿನ ಮುಖದ ಮೇಲೆ ಹರಿದಾಡಿತು, ನಾಬಿದ್ದ ಕಡೆ ಬಂದು ನಿಂತಿತು. ಅಲ್ಲೀಗ ಕಡ್ಡಿಯಷ್ಟು ತೆಳುವಾದ ಲೋಹದ ಮೊಳೆ ಮಾತ್ರ ಇತ್ತು. ಅವರು ತಲೆ ಓರೆಮಾಡಿ ಸದ್ದು ಕೇಳಿಸಿಕೊಂಡರು. ಅದು ಅವರ ಕಿವಿಗೆ ಸಾಲಲಿಲ್ಲವೆಂದು ಮುಖದಲ್ಲೇ ಕಾಣುತ್ತಿತ್ತು.

ರಸ್ತೆಯ ತಿರುವಿನಲ್ಲಿ ಬಸ್ಸಿನ ಹಾರನ್ನು ಕೇಳಿಸಿತು.

ಮಾವ ಹೆಬ್ಬೆರಳು ತೋರುಬೆರಳುಗಳ ನಡುವೆ ಆ ಬರಿಯ ಮೊಳೆಯನ್ನು ಹಿಡಿದರು. ಮೂವತ್ತಾರು ವರ್ಷ ಇಕ್ಕಳವಿಲ್ಲದೆಯೂ ತಂತಿ ತಿರುಚಿದ ಬೆರಳುಗಳು ಅವು. ಸಲೀಸಾಗಿ ತಿರುಗಿಸಿದರು.

ಸೊಸೆ ಗೇಟು ತೆರೆದು ಒಳಗೆ ಹೋದಳು. ಚೀಲವನ್ನು ನೆಲಕ್ಕಿಟ್ಟು, ಅವರ ಕೈಯನ್ನು ಮೆಷಿನಿನಿಂದ ಬಿಡಿಸಿ, ಗೋಲಿಯನ್ನು ಮತ್ತೆ ಎರಡಕ್ಕೆ ಇಳಿಸಿ, ಸ್ಟೂಲು ಎಳೆದುಕೊಂಡು ಮೆಷಿನಿಗೂ ಮಾವನಿಗೂ ನಡುವೆ ಕುಳಿತಳು. ಬಸ್ಸು ಮನೆಯ ಮುಂದೆ ಹಾದುಹೋಯಿತು.

"ಇವತ್ತು ಕಚೇರಿ ಇಲ್ವಾ?" ಎಂದು ಕೇಳಿದರು ಮಾವ.